ಅಕ್ಕನ ರಾತ್ರಿಯ ಪಾಲು

ತುರ್ವಿಹಾಳ,
ತಾಲೂಕು ಸಿಂಧನೂರು.
ಮಾರ್ಚ್ 24, 2025, ಸೋಮವಾರ

ಪ್ರೀತಿಯ ಅಕ್ಕಾ,

ನಿನ್ನ ತಮ್ಮ ಅಂಬಪ್ಪನ ನಮಸ್ಕಾರ. ಚೀವರ ಉಟ್ಟು ಭಿಕ್ಷುಣಿ ಆದವರಿಗೆ ಹೇಗೆ ಬರೆಯಬೇಕೆಂದು ನನಗೆ ಇನ್ನೂ ಗೊತ್ತಾಗುವುದಿಲ್ಲ. ಇಲ್ಲಿ ನಮ್ಮ ಓಣಿಯವರೆಲ್ಲ ನಿನ್ನನ್ನು ಮಾತಾಜಿ ಎನ್ನುತ್ತಾರೆ. ನನ್ನ ಬಾಯಿಗೆ ಅಕ್ಕ ಎಂಬುದೇ ಬರುತ್ತದೆ, ಕೈಗೂ ಅದೇ ಬಂತು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ. ಮೊಣಕಾಲ ನೋವು ಹೇಗಿದೆ? ನಾಗಪುರದ ಕಡೆ ಬಿಸಿಲು ನಮ್ಮೂರಿಗಿಂತ ಜೋರು ಎಂದು ಟಿವಿಯಲ್ಲಿ ಹೇಳುತ್ತಿದ್ದರು. ಧ್ಯಾನ ಮುಗಿಸಿ ಏಳುವಾಗ ಗೋಡೆ ಹಿಡಿದು ಏಳು, ಸಣ್ಣ ವಯಸ್ಸಿನ ಭಿಕ್ಷುಣಿಯರು ನೋಡುತ್ತಾರೆಂದು ನಾಚಬೇಡ. ನಮ್ಮ ಮನೆಯಾಕೆ ಯಮನಮ್ಮ ಬದುಕಿದ್ದರೆ ಎಣ್ಣೆಯಲ್ಲಿ ಬೆಳ್ಳುಳ್ಳಿ, ಅಜವಾನ ಹಾಕಿ ಕಾಯಿಸಿ, ಸೀಸೆಯ ಬಾಯಿಗೆ ಬಟ್ಟೆ ಕಟ್ಟಿ ಯಾರ ಕೈಯಲ್ಲಾದರೂ ಕಳಿಸುತ್ತಿದ್ದಳು. ನನಗೆ ಆ ಎಣ್ಣೆ ಕಾಯಿಸಲು ಬರುವುದಿಲ್ಲ. ಒಮ್ಮೆ ಕಾಯಿಸಿ ನೋಡಿದೆ, ಬೆಳ್ಳುಳ್ಳಿ ಸುಟ್ಟು ಕರಿ ಆಯಿತು.

ಊರಿನ ಸುದ್ದಿ ಹೇಳುತ್ತೇನೆ. ಎರಡನೇ ಬೆಳೆಯ ಭತ್ತ ತೆನೆ ಕಟ್ಟಿದೆ. ಕಾಲುವೆಗೆ ನೀರು ಆನ್ ಆಫ್ ಪದ್ಧತಿಯಲ್ಲಿ ಬಿಡುತ್ತಿದ್ದಾರೆ. ಕೆಲವು ದಿನ ಬಿಟ್ಟು ಕೆಲವು ದಿನ ಬಂದ್. ನಾನು ಗ್ಯಾಂಗ್‌ಮನ್ ಆಗಿ ಕಾಲುವೆಯ ಗೇಟು ಕಾಯುತ್ತಿದ್ದಾಗಲೂ ಹಾಗೇ ಇತ್ತು, ಆಗಲೂ ಕೊನೆ ಭಾಗದ ರೈತರು ಬೈಯುತ್ತಿದ್ದರು, ಈಗಲೂ ಬೈಯುತ್ತಾರೆ. ನನ್ನ ಗೇಟಿನ ಮೇಲೆ ಈಗ ದುರುಗೇಶ ಇದ್ದಾನೆ, ನಿನಗೆ ನೆನಪಿರಬೇಕು, ನಿನ್ನ ಅಂಗನವಾಡಿಯಲ್ಲಿ ಉಪ್ಪಿಟ್ಟು ಎರಡು ಸಲ ಹಾಕಿಸಿಕೊಂಡು ಮೂರನೇ ಸಲಕ್ಕೆ ಅಳುತ್ತಿದ್ದ ಹುಡುಗ. ಈಗ ಅವನಿಗೆ ನಲವತ್ತರ ಹತ್ತಿರ ಬಂತು, ತಲೆ ನಡುವೆ ಬೋಳಾಗಿದೆ. ಮಗಳು ಸಂಘಮಿತ್ರಾ ಲಿಂಗಸುಗೂರು ಆಸ್ಪತ್ರೆಯಲ್ಲೇ ನರ್ಸ್ ಆಗಿದ್ದಾಳೆ. ರಾತ್ರಿ ಪಾಳಿ ಹೆಚ್ಚು. ಬೆಳಿಗ್ಗೆ ಪಾಳಿ ಮುಗಿಸಿ ಬಸ್ಸಿಗೆ ನಿಂತಾಗ ಫೋನ್ ಮಾಡುತ್ತಾಳೆ, ಅವಳ ಮಾತಿನ ಹಿಂದೆ ಕಂಡಕ್ಟರ್ ಕೂಗುವುದು ಕೇಳುತ್ತದೆ. ಅಷ್ಟೇ ನಮ್ಮ ಸಂಸಾರ.

ನೀನು ಹಿಂದಿನ ಕಾಗದದಲ್ಲಿ, ನಾನು ರಾತ್ರಿ ಊಟ ಬಿಟ್ಟದ್ದು ಕೇಳಿ ಸಂತೋಷವಾಯಿತೆಂದು ಬರೆದಿದ್ದೆ. ಗೃಹಸ್ಥನಾಗಿಯೂ ಮಧ್ಯಾಹ್ನದ ಮೇಲೆ ಉಣ್ಣದ ನಮ್ಮ ಹಾಗೆ ಹೊತ್ತಿನ ನಿಯಮ ಹಿಡಿದಿದ್ದೀಯಲ್ಲ ತಮ್ಮಾ ಎಂದಿದ್ದೆ. ಆ ಸಾಲನ್ನು ಎಷ್ಟೋ ಸಲ ಓದಿದೆ. ಉತ್ತರ ಬರೆಯಲು ತಡವಾದದ್ದೂ ಅದೇ ಸಾಲಿನಿಂದ. ಆ ನಿಯಮ ಹೇಗೆ ಶುರುವಾಯಿತು ಎಂಬುದನ್ನು ಹೇಳಿಬಿಡುತ್ತೇನೆ, ಆಮೇಲೆ ನೀನೇ ಅದಕ್ಕೆ ಏನೆನ್ನಬೇಕೋ ಅನ್ನು.

ಯಮನಮ್ಮ ಹೋದ ಮೇಲೆ ನೀನು ಬಂದು, ಮೂರು ದಿನ ಇದ್ದು, ಬುದ್ಧವಚನದ ಸುತ್ತಗಳನ್ನು ಪಠಿಸಿ ತಿರುಗಿ ಹೋದೆಯಲ್ಲ. ಸಂಘಮಿತ್ರಾಳ ರಜೆಯೂ ಮುಗಿಯಿತು. ಅವಳು ಹೋದ ಸಂಜೆ ನಾನು ಒಲೆ ಹಚ್ಚಿದೆ. ನುಚ್ಚು ಮಾಡಿ, ಮಜ್ಜಿಗೆ ಹಾಕಿಕೊಂಡು, ತಾಟು ಮುಂದಿಟ್ಟುಕೊಂಡು ಕೂತೆ. ಗಂಟಲಿನಲ್ಲಿ ಇಳಿಯಲಿಲ್ಲ. ನಿನಗೆ ಗೊತ್ತಲ್ಲ, ನೌಕರಿಯಲ್ಲಿ ಇದ್ದಷ್ಟು ವರ್ಷ ನಾನು ಗೇಟಿನಿಂದ ಬರುವುದು ಯಾವ ಹೊತ್ತಿಗೋ. ಅವಳು ಅಲ್ಲಿಯವರೆಗೆ ಉಣ್ಣದೆ ಗೋಡೆಗೆ ಒರಗಿ ಕಾಯುತ್ತಿದ್ದಳು. ಉಂಡು ಮಲಗಬಾರದೇನು ಎಂದರೆ, "ನೀವು ನೀರಿಗೆ ಕಾಯ್ತೀರಿ, ನಾ ನಿಮಗೆ ಕಾಯ್ತೀನಿ, ಇದ್ರಾಗ ಏನ ದೊಡ್ಡದೈತಿ" ಎನ್ನುತ್ತಿದ್ದಳು. ನಿವೃತ್ತಿ ಆದ ಮೇಲೆ ದೀಪ ಹಚ್ಚುವ ಹೊತ್ತಿಗೇ ಇಬ್ಬರೂ ಕೂಡಿ ಉಣ್ಣತೊಡಗಿದೆವು. ಅದು ಎರಡು ವರ್ಷವೂ ನಡೆಯಲಿಲ್ಲ. ಆ ಸಂಜೆ ತಾಟು ಹಾಗೇ ಮುಚ್ಚಿಟ್ಟೆ. ಮರುದಿನ ನುಚ್ಚು ಹುಳಿ ಬಂದಿತ್ತು, ಎಮ್ಮೆಗೆ ಹಾಕೆಂದು ಪಕ್ಕದ ಮನೆಯ ಮಕ್ತುಂಬಿಗೆ ಕೊಟ್ಟೆ. ಆಮೇಲೆ ಸಂಜೆ ಒಲೆ ಹಚ್ಚುವುದನ್ನೇ ಬಿಟ್ಟೆ. ಇಷ್ಟೇ ಅಕ್ಕಾ ನನ್ನ ನಿಯಮದ ಮೂಲ.

ಅದಕ್ಕೆ ಒಳ್ಳೆಯ ಹೆಸರು ಕೊಟ್ಟವನು ನಿಂಗರಾಜ. ನನ್ನ ಜೊತೆ ಶಾಲೆ ಕಲಿತವನು, ಬಸ್ ಕಂಡಕ್ಟರ್ ಆಗಿದ್ದ, ಈಗ ನಿವೃತ್ತ. ಅವನಿಗೆ ಫೋನಿನಲ್ಲಿ ಯಾರೋ ಡಾಕ್ಟರ ಭಾಷಣ ಸಿಕ್ಕಿತು. ದಿನಕ್ಕೆ ಹದಿನಾರು ತಾಸು ಬಾಯಿ ಕಟ್ಟಿ, ಉಳಿದ ಎಂಟು ತಾಸಿನಲ್ಲಿ ಮಾತ್ರ ಉಂಡರೆ ಸಕ್ಕರೆ ಕಾಯಿಲೆ ಇಳಿಯುತ್ತದೆ, ಮುಪ್ಪು ತಡವಾಗಿ ಬರುತ್ತದೆ, ಮೈಯೊಳಗಿನ ಕಸವನ್ನು ಮೈಯೇ ಗುಡಿಸಿಕೊಳ್ಳುತ್ತದೆ ಎಂದು ಅದರಲ್ಲಿ ಇತ್ತಂತೆ. ಅವನ ಅವಸ್ಥೆ ನೋಡಿದ್ದರೆ ನೀನು ಚೀವರ ಮರೆತು ನಗುತ್ತಿದ್ದೆ. ಸಿಂಧನೂರು ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ಎರಡೂ ತರಿಸಿಟ್ಟುಕೊಂಡು ಗಡಿಯಾರ ನೋಡುತ್ತ ಕೂತಿದ್ದ. ನಾನು ಒಂದು ಮಿರ್ಚಿಗೆ ಕೈ ಹಾಕಿದರೆ ಕೈ ಹಿಡಿದ. "ಇನ್ನ ಹತ್ತು ನಿಮಿಷ ತಡಿಯೋ ಅಂಬ್ಯಾ, ಈಗ ತಿಂದ್ರ ಇಡೀ ರಾತ್ರಿ ತಪಸ್ಸು ನೀರಾಗ ಹೋಗತೈತಿ!" ಹೋಟೆಲಿನವನು, "ಸಾಹೇಬ್ರ, ಮಿರ್ಚಿ ಆರಿದ್ರ ನಾ ಜವಾಬ್ದಾರ ಅಲ್ಲ" ಎಂದ. ಅಲ್ಲಿಯೇ ಮಾತಿಗೆ ಮಾತು ಬಂದು, ನಾನು ರಾತ್ರಿ ಉಣ್ಣುವುದಿಲ್ಲ ಎಂದೆ. ನಿಂಗರಾಜ ಕುರ್ಚಿಯಿಂದ ಎದ್ದೇಬಿಟ್ಟ. "ನೋಡಪಾ, ನಾ ಗಡಿಯಾರ ಹಿಡ್ಕೊಂಡು ಸಾಯಾಕತ್ತೀನಿ, ಇಂವ ಸುಮ್ನ ಕೂತಲ್ಲೇ ಮಾಡ್ಯಾನ" ಎಂದು ಸುತ್ತಲಿನವರಿಗೆಲ್ಲ ಹೇಳಿದ. ನಾಲ್ಕು ದಿನದಲ್ಲಿ ಇಡೀ ತುರ್ವಿಹಾಳಕ್ಕೆ ನಾನು ಉಪವಾಸ ಮಾಡುವವನಾದೆ.

ನಿಜ ಹೇಳಬೇಕೆಂದರೆ ನನಗೂ ಅದು ಹಿಡಿಸಿತು. ಮೈ ಕಸ ಗುಡಿಸಿಕೊಳ್ಳುವ ಮಾತು ನನಗೆ ತಕ್ಷಣ ತಿಳಿಯಿತು. ಕಾಲುವೆ ತುಂಬಿ ಹರಿಯುವಾಗ ಹೂಳು ಕಾಣುವುದಿಲ್ಲ. ನೀರು ಬಂದ್ ಮಾಡಿದಾಗಲೇ ನಾವು ಇಳಿದು ಹೂಳು ಎತ್ತುವುದು, ಜಾಲಿ ಗಿಡ ಕಡಿಯುವುದು, ಬಿರುಕಿಗೆ ಸಿಮೆಂಟು ಬಡಿಯುವುದು. ದೇಹಕ್ಕೂ ಅಂಥ ಬಂದ್ ಬೇಕೇನೋ ಎನ್ನಿಸಿತು. ಸಂಘಮಿತ್ರಾಳೂ ಮೊದಲು ಖುಷಿಪಟ್ಟಳು. ಗಡಿಯಲ್ಲಿದ್ದ ಸಕ್ಕರೆ ಇಳಿದಿತ್ತು, ಹೊಟ್ಟೆಯೂ ಕರಗಿತ್ತು. ಹೀಗೆ ಉಪವಾಸ ಮಾಡಿದವರು ಹೆಚ್ಚು ವರ್ಷ ಬದುಕುತ್ತಾರಂತೆ ನಿಜವೇನು ಎಂದು ಕೇಳಿದ್ದಕ್ಕೆ ಅವಳು, "ಇಲಿ ಮ್ಯಾಲ ಮಾಡಿ ನೋಡ್ಯಾರಪ್ಪ, ಇಲಿ ಹೆಚ್ಚಿಗಿ ದಿನ ಬದುಕ್ಯಾವಂತ. ಮನಷ್ಯಾರ ಬಗ್ಗೆ ಇನ್ನ ಗಟ್ಟಿ ಹೇಳಾಕ ಯಾರಿಗೂ ಆಗಿಲ್ಲ" ಎಂದಳು. ಆ ಇಲಿಗಳು ಜೋಡಿ ಇದ್ದವೋ ಒಂಟಿ ಇದ್ದವೋ ಎಂದು ಕೇಳಬೇಕೆನ್ನಿಸಿತು. ಅಷ್ಟರಲ್ಲಿ ಬಸ್ಸು ಬಂತೆಂದು ಅವಳು ಫೋನ್ ಇಟ್ಟಳು.

ಇಷ್ಟರಲ್ಲಿ ಒಂದು ವಿಷಯ ಬದಲಾಗಿತ್ತು, ನನಗೆ ಅದು ಬಹಳ ದಿನ ಗೊತ್ತೇ ಆಗಲಿಲ್ಲ. ನಮ್ಮ ಕಡೆ ಎದುರಿಗೆ ಸಿಕ್ಕವರು ಮೊದಲು ಕೇಳುವುದೇನು? ಊಟ ಆತೇನು ಎಂದು. ಬಾವಿಕಟ್ಟೆಯಲ್ಲಿ, ಬಸ್ಸಿನಲ್ಲಿ, ಸತ್ತವರ ಮಣ್ಣಿಗೆ ಹೋದಲ್ಲಿ ಕೂಡ. ಸುಮ್ಮನೆ ಬಾಯಿಮಾತು ಎಂದುಕೊಂಡಿದ್ದೆ ನಾನು. ಯಮನಮ್ಮ ಒಪ್ಪುತ್ತಿರಲಿಲ್ಲ. ಅವಳು ಪಾಮನಕಲ್ಲೂರಿನವಳು, ಮಳೆ ನಂಬಿದ ಎರೆಹೊಲದ ಊರು. "ನಿಮ್ಮ ಕಾಲುವಿ ಊರಾಗ ಸುಮ್ನ ಕೇಳ್ತೀರಿ. ನಮ್ಮೂರಾಗ ಕೇಳಿ, ಮಾರಿ ನೋಡ್ತಿದ್ವಿ. ಹೂಂ ಅಂದ್ರೂ ಮಾರಿ ಬ್ಯಾರೆ ಹೇಳತಿತ್ತು" ಎನ್ನುತ್ತಿದ್ದಳು. ಈಗ ನನ್ನನ್ನು ಯಾರೂ ಆ ಮಾತು ಕೇಳುವುದಿಲ್ಲ ಅಕ್ಕಾ. ಉಪವಾಸದವನನ್ನು ಊಟ ಆತೇನು ಎಂದು ಕೇಳುವುದು ಹೇಗೆ? ಅದು ಮರ್ಯಾದೆ ಅಲ್ಲ. ಸಂಜೆ ಕಟ್ಟೆಯ ಮೇಲೆ ಕೂತವರು ಊಟದ ಹೊತ್ತಾಯಿತೆಂದು ಏಳುವಾಗ ಒಬ್ಬರನ್ನೊಬ್ಬರು ಕರೆಯುತ್ತಾರೆ, ನನಗೆ ಮಾತ್ರ ಕೈ ಮುಗಿದು ಹೋಗುತ್ತಾರೆ. ಮಗಳು ಸಕ್ಕರೆ ಎಷ್ಟು ಎಂದು ಕೇಳುತ್ತಾಳೆ. ನೀನು ಕಾಗದದಲ್ಲಿ ಸಂತೋಷ ಎಂದು ಬರೆದೆ.

ಹೋದ ತಿಂಗಳು ದುರುಗೇಶ ಹುಡುಕಿಕೊಂಡು ಬಂದ. ಕೆಳಗಿನ ಗೇಟು ಕಚ್ಚಿಕೊಂಡಿತ್ತು, ನೀರು ಬಿಡುವ ದಿನ, ರೈತರು ಮೈಮೇಲೆ ಬಂದಿದ್ದರು. "ಕಾಕಾ, ಅದು ನಿಮ್ಮ ಕೈಗೇ ಬರೋದು, ಜರಾ ಬರ್ರಿ" ಎಂದ. ಆ ಗೇಟಿನ ಸ್ವಭಾವ ನನಗೆ ಗೊತ್ತು. ಮೊದಲು ಅರ್ಧ ಸುತ್ತು ಕೆಳಗೆ ಇಳಿಸಿ, ಒಂದು ಉಸಿರು ಬಿಟ್ಟು, ಆಮೇಲೆ ಮೇಲೆ ಎತ್ತಬೇಕು. ಚಕ್ರ ಹಿಡಿದೆ. ಹಿಡಿತ ನನ್ನದೇ, ಅಳತೆ ನನ್ನದೇ, ಆದರೆ ತೋಳು ನನ್ನದಲ್ಲ. ಚಕ್ರ ಅಲುಗಲಿಲ್ಲ. ಇನ್ನೊಮ್ಮೆ ಎಳೆದೆ, ಕಣ್ಣಿಗೆ ಕತ್ತಲೆ ಬಂತು, ದಂಡೆಯ ಕಲ್ಲಿನ ಮೇಲೆ ಕೂತುಬಿಟ್ಟೆ. ನೀರಿಗೆ ಬೀಳದಿದ್ದದ್ದು ದುರುಗೇಶನ ಕೈಯಿಂದ, ಅಂಗಿ ಹಿಡಿದು ಎಳೆದನಂತೆ. ಅವನು ಬಗ್ಗಿ ನನ್ನ ಮುಖ ನೋಡಿ, "ಕಾಕಾ, ಊಟ ಆಗೈತೇನ ನಿಮ್ಮದು?" ಎಂದ.

ಅಕ್ಕಾ, ಎಷ್ಟು ತಿಂಗಳ ಮೇಲೆ ಕಿವಿಗೆ ಬಿದ್ದ ಮಾತು ಅದು. ಇಲ್ಲಪಾ ಎನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ನಾಲಿಗೆ ಕಚ್ಚಿಕೊಂಡು, "ಅಯ್ಯ, ತಪ್ಪಾತು ಕಾಕಾ, ನಿಮ್ಮದು ಉಪವಾಸ ಅಲ್ಲೇನು" ಎಂದು ಆ ಮಾತನ್ನು ತಿರುಗಿ ತೆಗೆದುಕೊಂಡುಬಿಟ್ಟ. ಕೊಟ್ಟ ನೀರನ್ನು ಬಾಯಿಯ ಹತ್ತಿರ ಬಂದ ಮೇಲೆ ಕಸಿದ ಹಾಗಾಯಿತು. ಅವನದೇನು ತಪ್ಪು? ಪಾಪ, ಮರ್ಯಾದೆ ಕೊಟ್ಟ. ನಾನು ಕೂತಲ್ಲೇ ಕೂತು, ಚಕ್ರಕ್ಕೆ ಮೊದಲು ಅರ್ಧ ಸುತ್ತು ಕೆಳಗೆ ಹಾಕು ಎಂದು ಹೇಳಿಕೊಟ್ಟೆ. ಗೇಟು ಎದ್ದಿತು. ನೀರು ಹೋಯಿತು. ರೈತರು ನನಗೆ ಕೈ ಮುಗಿದರು.

ದುರುಗೇಶ ಸಂಘಮಿತ್ರಾಳಿಗೆ ಹೇಳಿಬಿಟ್ಟಿದ್ದ. ಅವಳು ರಜೆ ಹಾಕಿ ಬಂದು ನನ್ನನ್ನು ಲಿಂಗಸುಗೂರಿಗೆ ಕರೆದುಕೊಂಡು ಹೋದಳು. ಡಾಕ್ಟರು ಒಳ್ಳೆಯವರು, ಸಮಾಧಾನದಿಂದ ನೋಡಿದರು. ನನ್ನ ಕೈಯಲ್ಲಿ ಅವರ ಎರಡು ಬೆರಳು ಕೊಟ್ಟು ಬಿಗಿಯಾಗಿ ಹಿಡಿಯಿರಿ ಎಂದರು, ಹಿಡಿದೆ, ಇಷ್ಟೇನಾ ಎಂದು ಕೇಳಿದರು. ಅವರು ಹೇಳಿದ್ದು ಇದು: ಹೊತ್ತು ನೋಡಿ ಉಣ್ಣುವುದು ತಪ್ಪಲ್ಲ, ಕೆಲವರಿಗೆ ಒಳ್ಳೆಯದೂ ಹೌದು, ಆದರೆ ಅದರಲ್ಲಿಯೂ ಹೊಟ್ಟೆ ತುಂಬ ಉಣ್ಣಬೇಕು, ಬೇಳೆ, ಮೊಟ್ಟೆ, ಹಾಲು ಹೋಗಬೇಕು. ಅರವತ್ತು ದಾಟಿದವರಿಗೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ನೀವು ಮಧ್ಯಾಹ್ನ ಎರಡು ರೊಟ್ಟಿ, ಬೆಳಿಗ್ಗೆ ಚಹಾ, ಇಷ್ಟರಲ್ಲಿ ಇದ್ದೀರಿ. ಇದನ್ನು ಏಕೆ ಮಾಡುತ್ತಿದ್ದೀರಿ ಎಂದು ಕೇಳಿದರು. ನಾನು ಅಂಗಿಯ ತೋಳು ಇಳಿಸಿಕೊಂಡೆ. ಸಂಘಮಿತ್ರಾ ನನ್ನ ಮುಖ ನೋಡುತ್ತಿದ್ದಳು. ಅವಳ ಕಣ್ಣು ಥೇಟ್ ತಾಯಿಯದು, ಮಾರಿ ಓದುವ ಕಣ್ಣು. ಹೊರಗೆ ಬಂದ ಮೇಲೆ, "ನಾ ಸಕ್ಕರಿ ಕೇಳಿಕೋತ ಕುಂತೆನಲ್ಲಪ್ಪ" ಎಂದಷ್ಟೇ ಅಂದಳು. ಲಿಂಗಸುಗೂರಿಗೇ ಬಂದು ಇರು ಎಂದಳು. ಅವಳದು ಒಂದು ಕೋಣೆ, ಜೊತೆಗೆ ಇನ್ನೊಬ್ಬ ನರ್ಸ್ ಶಾಜಿಯಾ ಇದ್ದಾಳೆ. ಎರಡು ಹೆಣ್ಣುಮಕ್ಕಳ ಕೋಣೆಯಲ್ಲಿ ನಾನು ಎಲ್ಲಿ ಕೂರಲಿ? ಬೇಡವ್ವಾ ಎಂದೆ.

ತಿರುಗಿ ಬರುವಾಗ ಬಸ್ಸು ಮಸ್ಕಿಯಲ್ಲಿ ಬಹಳ ಹೊತ್ತು ನಿಂತಿತ್ತು. ಕಿಟಕಿಯಿಂದ ಗುಡ್ಡ ಕಾಣುತ್ತಿತ್ತು. ಅಪ್ಪ ನಮ್ಮಿಬ್ಬರನ್ನೂ ಅಶೋಕನ ಶಾಸನ ತೋರಿಸಲು ಕರೆದುಕೊಂಡು ಬಂದದ್ದು ನೆನಪಾಯಿತು. ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ, ಆ ಬಂಡೆಯ ಅಕ್ಷರ ಯಾರಿಗೂ ಬರುತ್ತಿರಲಿಲ್ಲ, ಆದರೂ ಮೂವರೂ ಬಹಳ ಹೊತ್ತು ನಿಂತು ನೋಡಿದೆವು. ಬಂಡೆಯ ನೆರಳಿನಲ್ಲಿ ಬುತ್ತಿ ಬಿಚ್ಚಿದಾಗ ನೀನು ನಿನ್ನ ರೊಟ್ಟಿಯಲ್ಲಿ ಅರ್ಧ ನನಗೆ ಹಾಕಿದೆ, ನನಗೆ ಸಾಕಾಗೈತಿ ಎಂದೆ. ಸಾಕಾಗಿರಲಿಲ್ಲ ಎಂಬುದು ನನಗೆ ಆಗಲೇ ಗೊತ್ತಿತ್ತು, ಆದರೂ ತಿಂದೆ.

ಈಗ ರಂಜಾನ್ ನಡೆದಿದೆ. ಮಕ್ತುಂಬಿ ನಿನಗಿಂತ ಹಿರಿಯಳು, ಮೊಣಕಾಲು ನಿನ್ನದಕ್ಕಿಂತ ಕೆಟ್ಟದ್ದು, ಆದರೂ ಒಂದು ದಿನವೂ ರೋಜಾ ಉಪವಾಸ ತಪ್ಪಿಸಿಲ್ಲ. ಮೊನ್ನೆ ಸಂಜೆ ಮಗ ಶಾವಲಿಯ ಕೈಯಲ್ಲಿ ಹೇಳಿಕಳಿಸಿದಳು. ಹೋದೆ. ಅಂಗಳದಲ್ಲಿ ಚಾಪೆ ಹಾಸಿ ಖರ್ಜೂರ, ಕಲ್ಲಂಗಡಿ, ಗಂಜಿ ಇಟ್ಟಿದ್ದರು. ಮಕ್ಕಳು ಆಜಾನಿಗೆ ಕಿವಿ ಕೊಟ್ಟು ಕೂತಿದ್ದವು. ನನ್ನದು ಬೇರೆ ಉಪವಾಸ, ರಾತ್ರಿ ತೆಗೆದುಕೊಳ್ಳುವುದಿಲ್ಲ ಎಂದೆ. ಮಕ್ತುಂಬಿ ನನ್ನನ್ನು ಮೇಲೆ ಕೆಳಗೆ ನೋಡಿ, "ರೋಜಾ ಹಿಡಿಯೋದು ಅವರವರ, ಬಿಡೋದು ಎಲ್ಲಾರೂ ಕೂಡಿ. ನಿಂದೆಂಥ ರೋಜಾನೋ ಅಂಬಪ್ಪ, ಹಿಡಿಯೋದು ಗೊತ್ತೈತಿ, ಬಿಡೋ ಹೊತ್ತೇ ಇಲ್ಲ. ಹಾಳಾದ ಆ ನುಚ್ಚು ನಮ್ಮ ಎಮ್ಮಿ ತಿಂದಾಗಲೇ ನನಗ ಗೊತ್ತಿತ್ತು" ಎಂದಳು. ಸೊಸೆಯಂದಿರು ನಕ್ಕರು. ನಾನೂ ನಕ್ಕೆ. ಆಜಾನ್ ಆಯಿತು, ಒಂದು ಖರ್ಜೂರ ನನ್ನ ಕೈಯಲ್ಲಿ ಇಟ್ಟಳು. ಎಲ್ಲರ ಜೊತೆ ಬಾಯಿಗೆ ಹಾಕಿಕೊಂಡೆ. ಗಂಜಿ ಎರಡು ಬಟ್ಟಲು ಕುಡಿದೆ. ಆದರೆ ಅಕ್ಕಾ, ರಂಜಾನ್ ಇನ್ನೊಂದು ವಾರ. ಆಮೇಲೆ ಅವರವರ ಮನೆಯ ಊಟ ಅವರವರಿಗೆ. ಅವಳು ಕರೆಯುತ್ತಾಳೆ ನಿಜ, ದಿನಾ ಹೋಗಿ ಕೂರಲು ನನಗೆ ಬರುವುದಿಲ್ಲ.

ಮನೆಗೆ ಬಂದು ದೀಪ ಹಚ್ಚಿದಾಗ ನೀನು ಊರು ಬಿಡುವ ಹಿಂದಿನ ರಾತ್ರಿ ನೆನಪಿಗೆ ಬಂತು. ನಾವು ಮೂವರೂ ಇದೇ ಪಡಸಾಲೆಯಲ್ಲಿ ಕೂತಿದ್ದೆವು. ಯಮನಮ್ಮ ಪುಂಡಿಪಲ್ಲೆ ಮಾಡಿದ್ದಳು. ನಾಳೆಯಿಂದ ಮಧ್ಯಾಹ್ನದ ಮೇಲೆ ಉಣ್ಣುವ ಹಾಗಿಲ್ಲ ಎಂದು ನೀನು ಹೇಳಿದ ಕೂಡಲೇ ಅವಳು ಅಳತೊಡಗಿದಳು. ನೀನು ಅವಳ ಬೆನ್ನ ಮೇಲೆ ಕೈ ಇಟ್ಟು, "ಅಳಬ್ಯಾಡ ಯಮುನಿ, ನನ್ನ ರಾತ್ರಿ ಪಾಲು ಈ ಮನ್ಯಾಗ ಬಿಟ್ಟು ಹೊಂಟೀನಿ, ನೀವ ಉಣ್ರಿ" ಎಂದೆ. ನಿನಗೆ ಹೇಳಿರಲಿಲ್ಲ, ಅವಳು ಅದನ್ನು ಮಾತೆಂದು ಬಿಡಲಿಲ್ಲ. ದಿನಾ ರಾತ್ರಿ ಕೊನೆಗೆ ಅರ್ಧ ರೊಟ್ಟಿ ನನ್ನ ತಾಟಿಗೆ ಹೆಚ್ಚಿಗೆ ಹಾಕುತ್ತಿದ್ದಳು. ಸಾಕು ಎಂದರೆ, "ಇದು ನಿಮ್ಮದಲ್ಲ, ಅಕ್ಕಾರ ಪಾಲು, ಬ್ಯಾಡ ಅನ್ನಾಕ ನೀವ್ಯಾರು" ಎನ್ನುತ್ತಿದ್ದಳು.

ಕಾಗದ ಉದ್ದವಾಯಿತು. ಸಂಜೆ ಡೈರಿ ಬರೆಯುವ ಹೊತ್ತಿನಲ್ಲಿ ಇದನ್ನು ಬರೆದೆ, ಅದಕ್ಕೇ ಹೀಗೆ ಹರಿಯಿತು. ವಿಹಾರದ ಹಿರಿಯರಿಗೆಲ್ಲ ನನ್ನ ವಂದನೆ ತಿಳಿಸು. ಬಿಸಿಲಿನಲ್ಲಿ ತಲೆ ಮೇಲೆ ಒದ್ದೆ ಬಟ್ಟೆ ಹಾಕಿಕೋ. ನಿನ್ನ ಮೈತ್ರಿ ನಮ್ಮ ಸಂಘಮಿತ್ರಾಳ ಮೇಲೆ ಇರಲಿ. ಬುದ್ಧ, ಬಾಬಾಸಾಹೇಬರ ನೆರಳು ನಿನ್ನ ಮೇಲಿರಲಿ.

ಜೈ ಭೀಮ್.

ನಿನ್ನ ತಮ್ಮ,
ಅಂಬಪ್ಪ

ತಾ.ಕ.: ಲಕೋಟೆ ಅಂಟಿಸುವಾಗ ತೆಗೆದು ಬರೆಯುತ್ತಿದ್ದೇನೆ, ಅಂಚೆ ಕಚೇರಿ ಮುಚ್ಚುವ ಮೊದಲು ಹೋಗಬೇಕು. ನಿನ್ನೆ ಸಂಜೆ ಒಲೆ ಹಚ್ಚಿದೆ. ರೊಟ್ಟಿ ಗುಂಡಗೆ ಬರಲಿಲ್ಲ, ಅಂಚು ಹರಿಯಿತು. ನನ್ನ ಪಾಲು ಇಳಿಯಲಿಲ್ಲ ಅಕ್ಕಾ, ನಿನ್ನ ಪಾಲು ಇಳಿಯಿತು. ಇಷ್ಟು ದಿನ ಅದನ್ನು ಕೆಡಿಸಿದೆನಲ್ಲ. ಇನ್ನು ಒಂದು ಕೇಳುತ್ತೇನೆ. ನಿನ್ನ ನಿಯಮದಲ್ಲಿ ಮಧ್ಯಾಹ್ನದ ಮೇಲೆ ಉಣ್ಣುವ ಹಾಗಿಲ್ಲ, ಗೊತ್ತು. ಉಂಡೆಯೇನು ಎಂದು ಬೇರೆಯವರನ್ನು ಕೇಳಬಾರದೆಂದು ಏನಾದರೂ ಇದೆಯೇ? ಇಲ್ಲವಾದರೆ, ವಿಹಾರದ ಆಫೀಸಿನಲ್ಲಿ ಫೋನ್ ಇದೆಯಂತಲ್ಲ, ಹಿರಿಯರ ಅಪ್ಪಣೆ ಕೇಳಿ ಸಂಜೆ ಒಮ್ಮೆ ಮಾಡು. ದಿನಾ ಆಗದಿದ್ದರೆ ಆದ ದಿನ. ಧರ್ಮದ ಮಾತು ಬೇಡ, ಮೊಣಕಾಲ ಸುದ್ದಿಯೂ ಆಮೇಲೆ ಇರಲಿ. ಊಟ ಆತೇನೋ ತಮ್ಮಾ ಎಂದು ಕೇಳು, ಅಷ್ಟೇ. ಚೀವರ ಉಟ್ಟವರ ಮುಂದೆ ಸುಳ್ಳು ಹೇಳಲು ನನಗೆ ಆಗುವುದಿಲ್ಲ. ಉಂಡು ಕೈ ತೊಳೆದುಕೊಂಡೇ ಫೋನಿನ ಹತ್ತಿರ ಕೂತಿರುತ್ತೇನೆ.